ಟರ್ಮಿನಲ್ ಕೀಬೋರ್ಡಿಗೆ ಯುಎಸ್‌ಬಿ ನಂಟು

ಕೇಂದ್ರ ಕಂಪ್ಯೂಟರಿಗೆ ಜೋಡಿಸುತ್ತಿದ್ದ ಐಬಿಎಂ ಟರ್ಮಿನಲ್‌ಗಳ ಜೊತೆ ಬರುತ್ತಿದ್ದ 122 ಕೀಗಳ ಮಾಡೆಲ್ ಎಂ ಕೀಬೋರ್ಡನ್ನು ಎತ್ತಿದವರಿಗೆ ಮೊದಲು ಗೊತ್ತಾಗುವುದು ಅದರ ತೂಕ. ಒಳಗೆ ಅಗಲಕ್ಕೂ ಉಕ್ಕಿನ ತಗಡು ಇರುತ್ತದೆ. ಮೇಲ್ಗಡೆ ಎರಡು ಸಾಲಿನಲ್ಲಿ 24 ಫಂಕ್ಷನ್ ಕೀಗಳು, ಎಡ ಅಂಚಿನಲ್ಲಿ ಬೇರೆಯಾಗಿ ನಿಂತ ಹತ್ತು ಕೀಗಳು, ಕಂಟ್ರೋಲ್ ಇರಬೇಕಾದ ಎಡ ಮೂಲೆಯಲ್ಲಿ ರಿಸೆಟ್, ಬಲ ಮೂಲೆಯಲ್ಲಿ ಎಂಟರ್. ಇಷ್ಟನ್ನು ನೋಡಿ ಖುಷಿಪಟ್ಟವರು ಕೊನೆಗೆ ತಂತಿಯ ತುದಿ ನೋಡಿ ಸುಮ್ಮನಾಗುತ್ತಾರೆ. ಅಲ್ಲಿರುವುದು ನೆಟ್‌ವರ್ಕ್ ಕೇಬಲ್ಲಿನಂಥ ಚೌಕ ಪ್ಲಗ್ಗು, ಇಲ್ಲವೇ ಐದು ಪಿನ್ನಿನ ದುಂಡನೆಯ ಪ್ಲಗ್ಗು. ಇಂದಿನ ಯಾವ ಕಂಪ್ಯೂಟರಿನಲ್ಲೂ ಅದಕ್ಕೆ ಜಾಗವಿಲ್ಲ.

ಹಾಗೆಂದು ಅದನ್ನು ಗುಜರಿಗೆ ಹಾಕಬೇಕಾಗಿಲ್ಲ. ಬಹುಪಾಲು ಸಂದರ್ಭದಲ್ಲಿ ಕೀಬೋರ್ಡು ಕೆಟ್ಟಿರುವುದಿಲ್ಲ, ಅದು ಆಡುವ ಭಾಷೆ ಕಂಪ್ಯೂಟರಿಗೆ ಗೊತ್ತಿರುವುದಿಲ್ಲ ಅಷ್ಟೆ. ಮಧ್ಯೆ ಒಬ್ಬ ದುಭಾಷಿಯನ್ನು ಕೂರಿಸಿದರೆ ಮುಗಿಯಿತು. ಆ ಕೆಲಸಕ್ಕೆ ಬೇಕಾದದ್ದು ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು, ನಾಲ್ಕು ತಂತಿ, ಉಚಿತವಾಗಿ ಸಿಗುವ ಒಂದು ಫರ್ಮ್‌ವೇರ್. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಮೂಲ ತಂತಿಯನ್ನು ಕತ್ತರಿಸಬೇಡಿ, ಮೂಲ ಸರ್ಕೀಟನ್ನು ಕಿತ್ತು ಹಾಕಬೇಡಿ. ಮಾಡುವುದೆಲ್ಲ ಹೊರಗಿನ ಅಡಾಪ್ಟರಿನಲ್ಲಿ ಆಗಲಿ. ಇಂಥ ಕೀಬೋರ್ಡುಗಳು ದಿನೇದಿನೇ ಕಡಿಮೆಯಾಗುತ್ತಿವೆ. ಇಂದು ಆತುರಕ್ಕೆ ಕತ್ತರಿಸಿದ್ದನ್ನು ನಾಳೆ ಕೂಡಿಸುವುದು ಕಷ್ಟ.

ಇಷ್ಟು ಕಷ್ಟ ಯಾತಕ್ಕೆ ಎಂದು ಕೇಳುವವರು ಒಂದು ಕೀಯನ್ನು ಮೆಲ್ಲಗೆ ಒತ್ತಿ ನೋಡಬೇಕು. ಪ್ರತಿ ಕೀ ಕೆಳಗೂ ಒಂದು ತೆಳು ಸುರುಳಿ ಸ್ಪ್ರಿಂಗು ನೆಟ್ಟಗೆ ನಿಂತಿದೆ. ಬೆರಳಿನ ಒತ್ತಡ ಏರುತ್ತ ಹೋದಂತೆ ಅದು ತಡೆಯುತ್ತದೆ, ಒಂದು ಹಂತದಲ್ಲಿ ತಟಕ್ಕನೆ ಪಕ್ಕಕ್ಕೆ ಬಾಗುತ್ತದೆ. ಬಾಗಿದ ಗಳಿಗೆಯಲ್ಲೇ ಬುಡದ ಪುಟ್ಟ ಸನ್ನೆ ಓಲಾಡಿ ಕೆಳಗಿನ ಪ್ಲಾಸ್ಟಿಕ್ ಪದರಗಳನ್ನು ಒತ್ತಿ ಸಂಪರ್ಕ ಕೊಡುತ್ತದೆ. ಬೆರಳಿಗೆ ತಿಳಿಯುವ ಕುಸಿತ, ಕಿವಿಗೆ ಕೇಳುವ ಸದ್ದು, ಅಕ್ಷರ ಹೋಗುವ ಕ್ಷಣ ಮೂರೂ ಒಂದೇ. ರಿಚರ್ಡ್ ಹ್ಯಾರಿಸ್ ಐಬಿಎಂಗಾಗಿ ರೂಪಿಸಿದ ಈ ಬಾಗುವ ಸ್ಪ್ರಿಂಗಿನ ವಿನ್ಯಾಸಕ್ಕೆ ಅಮೆರಿಕದಲ್ಲಿ 1978ರಲ್ಲಿ ಪೇಟೆಂಟ್ ಸಿಕ್ಕಿತು. ಮಾಡೆಲ್ ಎಫ್ ಎಂಬ ಹಿಂದಿನ ಮಾದರಿಯಲ್ಲಿ ಸನ್ನೆ ಯಾವ ಪದರವನ್ನೂ ಒತ್ತುವುದಿಲ್ಲ, ಕೆಳಗಿನ ಬೋರ್ಡಿನ ಮೇಲೆ ವಿದ್ಯುತ್ ಧಾರಕತೆಯನ್ನು (ಕೆಪಾಸಿಟೆನ್ಸ್) ಬದಲಿಸುತ್ತದೆ. ಹೀಗಾಗಿ ಅದರಲ್ಲಿ ಎಷ್ಟು ಕೀಗಳನ್ನು ಒಟ್ಟಿಗೆ ಒತ್ತಿದರೂ ಗೊಂದಲವಾಗುವುದಿಲ್ಲ. ಮಾಡೆಲ್ ಎಂನಲ್ಲಿ ಆ ಅನುಕೂಲವಿಲ್ಲ, ಬರವಣಿಗೆಗೆ ಅದೇನೂ ಅಡ್ಡಿಯಲ್ಲ.

ಭಾಷೆಯ ತೊಡಕು ಎಲ್ಲಿದೆ?

ಕೀ ಒತ್ತಿದಾಗ ಕೀಬೋರ್ಡು ಅಕ್ಷರವನ್ನು ಕಳಿಸುವುದಿಲ್ಲ, ಆ ಕೀಗೆ ಗೊತ್ತುಮಾಡಿದ ಒಂದು ಸಂಖ್ಯೆಯನ್ನು ಕಳಿಸುತ್ತದೆ. ಇದೇ ಸ್ಕ್ಯಾನ್ ಕೋಡ್. ಐಬಿಎಂ ಇಂಥ ಕೋಡುಗಳ ಮೂರು ಪಟ್ಟಿಗಳನ್ನು ಬಳಸಿತು. 1981ರ ಮೊದಲ ಪಿಸಿ ಬಳಸಿದ್ದು ಸೆಟ್ 1, 1984ರ ಪಿಸಿ ಎಟಿಯಿಂದ ಮುಂದೆ ಬಂದದ್ದು ಸೆಟ್ 2, ಟರ್ಮಿನಲ್ ಕೀಬೋರ್ಡುಗಳದ್ದು ಸೆಟ್ 3. ಯುಎಸ್‌ಬಿಗೆ ಮುಂಚೆ ಪಿಸಿಗಳಲ್ಲಿದ್ದ ಪಿಎಸ್/2 ಕೀಬೋರ್ಡುಗಳು ಸಾಮಾನ್ಯವಾಗಿ ಸೆಟ್ 2ರಲ್ಲೇ ಮಾತಾಡುವುದರಿಂದ ಅಂಗಡಿಯ ಪಿಎಸ್/2-ಯುಎಸ್‌ಬಿ ಪೆಟ್ಟಿಗೆಗಳಿಗೆ ಗೊತ್ತಿರುವುದೂ ಅದೊಂದೇ.

ಅಂಥ ಪೆಟ್ಟಿಗೆಗೆ ಟರ್ಮಿನಲ್ ಕೀಬೋರ್ಡನ್ನು ಹೇಗೋ ಸಿಕ್ಕಿಸಿದರೆ ಆಗುವ ಫಜೀತಿಯಿಂದಲೇ ವಿಷಯ ಚೆನ್ನಾಗಿ ಅರ್ಥವಾಗುತ್ತದೆ. ಇಂಗ್ಲಿಷಿನ ‘ಎ’ ಕೀಗೆ ಎರಡೂ ಪಟ್ಟಿಯಲ್ಲಿ ಹೆಕ್ಸ್ (ಹದಿನಾರರ ಎಣಿಕೆಯ) 1ಸಿ ಎಂಬ ಸಂಖ್ಯೆಯೇ ಇದೆ, ಆದ್ದರಿಂದ ‘ಎ’ ಸರಿಯಾಗಿಯೇ ಮೂಡುತ್ತದೆ. ಎಡ ಮೂಲೆಯ ರಿಸೆಟ್ ಕೀ ಕಳಿಸುವುದು 11. ಸೆಟ್ 2ರಲ್ಲಿ 11 ಎಂದರೆ ಎಡ ಆಲ್ಟ್. ಕ್ಯಾಪ್ಸ್ ಲಾಕ್ ಕಳಿಸುವ 14 ಅಲ್ಲಿ ಕಂಟ್ರೋಲ್ ಆಗುತ್ತದೆ. ಬಲ ಮೂಲೆಯ ಎಂಟರಿನ 58 ಕ್ಯಾಪ್ಸ್ ಲಾಕ್ ಆಗಿಬಿಡುತ್ತದೆ. ಎಫ್1 ಒತ್ತಿದರೆ ಎಫ್12 ಬರುತ್ತದೆ, ಯಾಕೆಂದರೆ 07 ಎಂಬ ಸಂಖ್ಯೆ ಸೆಟ್ 3ರಲ್ಲಿ ಮೊದಲನೆಯದು, ಸೆಟ್ 2ರಲ್ಲಿ ಹನ್ನೆರಡನೆಯದು. ನೋಡಿದವರು ಕೀಬೋರ್ಡಿಗೆ ಹುಚ್ಚು ಹಿಡಿದಿದೆ ಎಂದುಕೊಳ್ಳುತ್ತಾರೆ. ಅದು ತನ್ನ ಪಟ್ಟಿಯ ಪ್ರಕಾರ ನೂರಕ್ಕೆ ನೂರು ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ. ಪಿಸಿ ಕೀಬೋರ್ಡು ಕೀ ಒತ್ತಿದಾಗಲೂ ಸುದ್ದಿ ಕೊಡುತ್ತದೆ, ಬಿಟ್ಟಾಗಲೂ ಕೊಡುತ್ತದೆ. ಸೆಟ್ 3ರಲ್ಲಿ ವಿದ್ಯುತ್ ಬಂದ ಹೊತ್ತಿನಲ್ಲಿ ಅಕ್ಷರದ ಕೀಗಳು ‘ಒತ್ತಿದೆ’ ಎಂದಷ್ಟೇ ಹೇಳುತ್ತವೆ, ‘ಬಿಟ್ಟೆ’ ಎಂದು ಹೇಳುವುದು ಶಿಫ್ಟಿನಂಥ ಕೆಲವೇ ಕೀಗಳು. ಮೇನ್‌ಫ್ರೇಮಿನ ಟರ್ಮಿನಲ್ಲಿಗೆ ಅಷ್ಟೇ ಸಾಕಿತ್ತು. ಬಳಕೆದಾರ ಪರದೆಯ ಮೇಲಿನ ಫಾರಂ ತುಂಬಿ ಎಂಟರ್ ಒತ್ತಿದಾಗ ಎಲ್ಲವೂ ಒಟ್ಟಿಗೆ ಹೋಗುತ್ತಿತ್ತು. ಸಾಲು ಬದಲಿಸುವ ಕೀ ಬೇರೆ, ಎಂಟರ್ ಬೇರೆ ಇರುವುದೂ ಅದಕ್ಕೇ. ಆದರೆ ಇಂದಿನ ಕಂಪ್ಯೂಟರಿಗೆ ‘ಬಿಟ್ಟೆ’ ಎಂಬ ಸುದ್ದಿ ಬರದಿದ್ದರೆ ಕೀ ಇನ್ನೂ ಒತ್ತಿಯೇ ಇದೆ ಎಂದುಕೊಂಡು ಸಾಲಿನ ತುಂಬ ಅದೇ ಅಕ್ಷರ ಸುರಿಯುತ್ತದೆ. ಒಳ್ಳೆಯ ಕನ್ವರ್ಟರು ಕೀಬೋರ್ಡಿಗೆ ಮೊದಲೇ ಹೆಕ್ಸ್ ಎಫ್8 ಎಂಬ ಆದೇಶ ಕಳಿಸಿ, ಎಲ್ಲ ಕೀಗಳೂ ಒತ್ತಿದ್ದನ್ನೂ ಬಿಟ್ಟದ್ದನ್ನೂ ತಿಳಿಸುವಂತೆ ಮಾಡುತ್ತದೆ.

ಮೌಸಿನ ಜೊತೆ ಬರುತ್ತಿದ್ದ ಹಸಿರು, ನೇರಳೆ ಬಣ್ಣದ ಪುಟಾಣಿ ಅಡಾಪ್ಟರುಗಳನ್ನು ಇಲ್ಲಿ ನೆಚ್ಚಬೇಡಿ. ಅವುಗಳೊಳಗೆ ಚಿಪ್ಪೇ ಇಲ್ಲ, ತಂತಿ ಮಾತ್ರ. ಎರಡೂ ಭಾಷೆ ಮೊದಲೇ ಬಲ್ಲ ಹೊಸ ಕೀಬೋರ್ಡುಗಳಿಗಷ್ಟೇ ಅವು ಉಪಯೋಗಕ್ಕೆ ಬರುತ್ತವೆ.

ಮೊದಲು ಗುರುತು ಹಿಡಿಯಿರಿ

ಕೀಬೋರ್ಡನ್ನು ಮಗುಚಿ ಹಿಂದಿನ ಚೀಟಿ ಓದಿ. ಪಾರ್ಟ್ ನಂಬರು, ತಯಾರಾದ ದಿನ, ಎಷ್ಟೋ ಸಲ ಮಾಡೆಲ್ ಎಂ ಎಂಬ ಹೆಸರೂ ಅಲ್ಲೇ ಇರುತ್ತದೆ. ಅದನ್ನು ಬರೆದಿಟ್ಟುಕೊಂಡು, ಚೀಟಿಯದೂ ಪ್ಲಗ್ಗಿನದೂ ಫೋಟೊ ತೆಗೆದುಕೊಳ್ಳಿ. ಕೊಂಡುಕೊಳ್ಳುವ ಮೊದಲೇ ಮಾರುವವರಿಂದ ಈ ಎರಡು ಫೋಟೊ ತರಿಸಿಕೊಳ್ಳುವುದು ಇನ್ನೂ ಜಾಣತನ. ಪ್ಲಗ್ಗಿನ ಆಕಾರ ನೋಡಿ ಭಾಷೆಯನ್ನು ತೀರ್ಮಾನಿಸುವುದು ಮಾತ್ರ ಬೇಡ. ಚೌಕ ಪ್ಲಗ್ಗು ಎಂದು ನೆಟ್‌ವರ್ಕ್ ಸ್ವಿಚ್ಚಿಗೆ ಸಿಕ್ಕಿಸುವ ಪ್ರಯೋಗವಂತೂ ಎಂದೂ ಮಾಡಬಾರದು.

ಬೇರೆ ಕಂಪನಿಗಳ ಟರ್ಮಿನಲ್ ಕೀಬೋರ್ಡುಗಳ ದಾರಿಯೇ ಬೇರೆ. ಡಿಜಿಟಲ್ ಈಕ್ವಿಪ್‌ಮೆಂಟ್ ಕಂಪನಿಯ ವಿಟಿ220 ಟರ್ಮಿನಲ್ಲಿನ ಎಲ್‌ಕೆ201 ಕೀಬೋರ್ಡು ಸೆಕೆಂಡಿಗೆ 4800 ಬಿಟ್ ವೇಗದ ಸೀರಿಯಲ್ ಸಂಕೇತ ಕಳಿಸುತ್ತದೆ. ಅದಕ್ಕೆ 12 ವೋಲ್ಟ್ ಬೇಕು, ಯುಎಸ್‌ಬಿಯ 5 ವೋಲ್ಟ್ ಸಾಲದು. ಸನ್ ವರ್ಕ್‌ಸ್ಟೇಷನ್ನಿನ ಹಳೆಯ ಕೀಬೋರ್ಡುಗಳೂ ಸೀರಿಯಲ್ಲೇ, ವೇಗ 1200. ಲಿನಕ್ಸಿನಲ್ಲಿ ಈ ಎರಡಕ್ಕೂ ಡ್ರೈವರುಗಳು ಇವೆ, ‘ಇನ್‌ಪುಟ್ ಅಟ್ಯಾಚ್’ ಎಂಬ ಸಾಧನದಿಂದ ಸೀರಿಯಲ್ ಪೋರ್ಟಿಗೆ ಕಟ್ಟಬಹುದು. ಮುಂದೆ ನಾನು ಹೇಳುವುದು ಐಬಿಎಂನ 122 ಕೀಗಳ ಮಾದರಿಗೆ.

ನಾಲ್ಕು ತಂತಿಗಳನ್ನು ಹುಡುಕುವುದು

ಕೀಬೋರ್ಡಿನಿಂದ ಬರುವ ಕೆಲಸದ ತಂತಿಗಳು ನಾಲ್ಕೇ: 5 ವೋಲ್ಟ್, ಗ್ರೌಂಡ್, ಕ್ಲಾಕ್, ಡೇಟಾ. ಡೇಟಾ ತಂತಿಯಲ್ಲಿ ಒಂದೊಂದು ಕೋಡೂ 11 ಬಿಟ್ಟುಗಳ ಕಟ್ಟಾಗಿ ಹೋಗುತ್ತದೆ: ಶುರುವಿನ ಒಂದು ಬಿಟ್, ಎಂಟು ಬಿಟ್ ಮಾಹಿತಿ, ತಪ್ಪು ಹಿಡಿಯಲು ಪ್ಯಾರಿಟಿಯ ಒಂದು ಬಿಟ್, ಕೊನೆಯ ಒಂದು ಬಿಟ್. ತಾಳ ಹಾಕುವುದು ಕ್ಲಾಕ್ ತಂತಿ, ಆ ತಾಳ ಹೊರಡುವುದು ಕೀಬೋರ್ಡಿನ ಕಡೆಯಿಂದಲೇ.

ಯಾವ ಪಿನ್ ಯಾವುದು ಎಂಬ ನಕ್ಷೆ ಮಾದರಿಯಿಂದ ಮಾದರಿಗೆ ಬೇರೆ ಇರುವುದರಿಂದ ಮಲ್ಟಿಮೀಟರಿನಲ್ಲಿ ನೀವೇ ನೋಡಿಕೊಳ್ಳುವುದು ಕ್ಷೇಮ. ಕವಚ ಬಿಚ್ಚಲು ಮಾಮೂಲಿ ಸ್ಕ್ರೂಡ್ರೈವರ್ ನಡೆಯುವುದಿಲ್ಲ. ಮಾಡೆಲ್ ಎಂನ ಸ್ಕ್ರೂಗಳ ತಲೆ 5.5 ಮಿ.ಮೀ.ನ ಆರು ಮೂಲೆಯದು, ಅದೂ ಆಳದ ಗುಳಿಯೊಳಗೆ ಕೂತಿರುತ್ತದೆ. ಗೋಡೆ ತೆಳುವಾದ ಉದ್ದನೆಯ ನಟ್ ಡ್ರೈವರ್ ಬೇಕು. ಬಿಚ್ಚಿದ ಮೇಲೆ ಕಂಟ್ರೋಲರ್ ಬೋರ್ಡಿಗೆ ತಂತಿ ಸೇರುವ ಜಾಗ ಕಾಣುತ್ತದೆ. ಮೀಟರನ್ನು ಕಂಟಿನ್ಯುಯಿಟಿಗೆ ಇಟ್ಟು, ಒಂದು ಮೊನೆಯನ್ನು ಬೋರ್ಡಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಮೈನಸ್ ಕಾಲಿಗೆ ತಾಗಿಸಿ, ಇನ್ನೊಂದನ್ನು ಪ್ಲಗ್ಗಿನ ಪಿನ್ನುಗಳ ಮೇಲೆ ಒಂದೊಂದಾಗಿ ಆಡಿಸಿ. ಸಾಮಾನ್ಯವಾಗಿ ಬೀಪ್ ಎಂದದ್ದೇ ಗ್ರೌಂಡ್. ಪ್ಲಸ್ ಕಾಲಿಗೆ ಬೀಪ್ ಎಂದದ್ದು 5 ವೋಲ್ಟ್. ಚಿಪ್ಪಿನ ಕಡೆ ಹೋಗುವ ಉಳಿದೆರಡು ತಂತಿಗಳೇ ಕ್ಲಾಕ್ ಮತ್ತು ಡೇಟಾ. ಅವೆರಡರಲ್ಲಿ ಯಾವುದು ಯಾವುದು ಎಂದು ಈಗಲೇ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅದಲುಬದಲಾದರೆ ಏನೂ ಸುಡುವುದಿಲ್ಲ, ಕೀಬೋರ್ಡು ಸುಮ್ಮನಿರುತ್ತದೆ ಅಷ್ಟೆ. ಎಚ್ಚರ ಬೇಕಾದದ್ದು 5 ವೋಲ್ಟ್ ಮತ್ತು ಗ್ರೌಂಡ್ ವಿಷಯದಲ್ಲಿ. ಅವು ಅದಲುಬದಲಾದರೆ ಮತ್ತೆ ಸಿಗದ ಚಿಪ್ಪು ಹೋಗುತ್ತದೆ. ಹೀಗಾಗಿ ಇದನ್ನು ಎರಡು ಬಾರಿ ನೋಡಿ, ಕಾಗದದ ಮೇಲೆ ಬಣ್ಣದ ಸಮೇತ ಬರೆದುಕೊಳ್ಳಿ.

ಕವಚ ತೆಗೆದ ಹೊತ್ತಿಗೆ ಧೂಳನ್ನೂ ತೆಗೆಯಬಹುದು. ಮೇಲಿನ ಕ್ಯಾಪುಗಳನ್ನು ಕಿತ್ತು ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಹಾಕಿ, ಪೂರ್ತಿ ಒಣಗಿಸಿ ಹಾಕಿ. ಸ್ಪ್ರಿಂಗುಗಳಿರುವ ಲೋಹದ ಜೋಡಣೆಯನ್ನು ಮಾತ್ರ ಬಿಡಿಸಬೇಡಿ. ಮಾಡೆಲ್ ಎಂನಲ್ಲಿ ಅದನ್ನು ಹಿಡಿದಿರುವುದು ಕರಗಿಸಿ ಅಂಟಿಸಿದ ಪ್ಲಾಸ್ಟಿಕ್ ರಿವೆಟ್ಟುಗಳು. ಮಾಡೆಲ್ ಎಫ್‌ನಲ್ಲಿ ಒಳಗಿನ ಫೋಮು ಇಷ್ಟು ವರ್ಷಗಳಲ್ಲಿ ಪುಡಿಯಾಗಿರುವ ಸಂಭವ ಹೆಚ್ಚು. ಆ ದುರಸ್ತಿ ಬೇರೆಯೇ ಕೆಲಸ.

ಅಡಾಪ್ಟರ್ ಕಟ್ಟುವುದು

ಎಟಿಮೆಗಾ 32ಯು4 ಚಿಪ್ಪಿರುವ ಬೋರ್ಡು ತೆಗೆದುಕೊಳ್ಳಿ. ಟೀನ್ಸಿ 2.0 ಅಥವಾ ಅದಕ್ಕಿಂತ ಅಗ್ಗದ ಪ್ರೊ ಮೈಕ್ರೊ ಎರಡರಲ್ಲೂ ಇರುವುದು ಅದೇ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿವೆ, ಬೇರೆ ಊರಿನವರಿಗೆ ಆನ್‌ಲೈನ್ ಅಂಗಡಿಗಳು. ಪ್ರೊ ಮೈಕ್ರೊ ಎರಡು ಬಗೆಯಲ್ಲಿ ಬರುತ್ತದೆ, 5 ವೋಲ್ಟಿನದು ಮತ್ತು 3.3 ವೋಲ್ಟಿನದು. 5 ವೋಲ್ಟ್, 16 ಮೆಗಾಹರ್ಟ್ಸಿನದನ್ನೇ ಕೇಳಿ ತೆಗೆದುಕೊಳ್ಳಿ. ಈಗ ಎಲ್ಲೆಡೆ ಸಿಗುವ ರಾಸ್ಪ್‌ಬೆರಿ ಪೈ ಪಿಕೊ 3.3 ವೋಲ್ಟಿನದು, ಅದನ್ನು ಬಳಸುವುದಾದರೆ ಮಧ್ಯೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಹಾಕಲೇಬೇಕು.

ತಂತಿ ಕತ್ತರಿಸದೆ ಜೋಡಿಸಲು ಪ್ಲಗ್ಗಿಗೆ ತಕ್ಕ ಹೆಣ್ಣು ಸಾಕೆಟ್ಟು ಬೇಕು. ಚೌಕ ಪ್ಲಗ್ಗಿನದಾದರೆ ಸುಲಭ, ಮನೆಯ ಗೋಡೆಗೆ ಹಾಕುವ ಆರ್‌ಜೆ45 ಸಾಕೆಟ್ಟೇ ಸಾಕು. ದುಂಡು ಪ್ಲಗ್ಗಿನಲ್ಲಿ ಒಂದು ಸಣ್ಣ ಬಲೆ ಇದೆ. ಐದು ಪಿನ್ನಿನ ಡಿನ್ ಪ್ಲಗ್ಗುಗಳಲ್ಲಿ ಪಿನ್ನುಗಳು ಅರ್ಧ ವೃತ್ತದಲ್ಲಿರುವ 180 ಡಿಗ್ರಿಯದೂ, ಇನ್ನಷ್ಟು ಹರಡಿಕೊಂಡಿರುವ 240 ಡಿಗ್ರಿಯದೂ ಇವೆ. ಹಳೆಯ ಪಿಸಿಗಳದ್ದೂ ಸಂಗೀತ ಉಪಕರಣಗಳ ಮಿಡಿ ಪೋರ್ಟಿನದೂ 180. ಟರ್ಮಿನಲ್ ಕೀಬೋರ್ಡಿನದು 240 ಆಗಿರಬಹುದು. ಅಂಗಡಿಗೆ ಹೋಗುವಾಗ ಫೋಟೊ ಇರಲಿ.

ಸಾಕೆಟ್ಟಿನ 5 ವೋಲ್ಟ್ ಪಿನ್ನನ್ನು ಬೋರ್ಡಿನ ವಿಸಿಸಿಗೆ, ಗ್ರೌಂಡನ್ನು ಗ್ರೌಂಡಿಗೆ, ಉಳಿದೆರಡನ್ನು ಪ್ರೊ ಮೈಕ್ರೊದಲ್ಲಿ 2 ಮತ್ತು 3 ಎಂದು ಬರೆದಿರುವ ಕಡೆ ಬೆಸೆಯಿರಿ. ಕ್ಲಾಕಿನಿಂದ ವಿಸಿಸಿಗೊಂದು, ಡೇಟಾದಿಂದ ವಿಸಿಸಿಗೊಂದು 4.7 ಕಿಲೊ ಓಮಿನ ರೆಸಿಸ್ಟರ್ ಹಾಕಿದರೆ ಒಳ್ಳೆಯದು. ಇವಿಲ್ಲದೆಯೂ ಎಷ್ಟೋ ಸಲ ನಡೆಯುತ್ತದೆ, ಆದರೆ ತಂತಿ ಉದ್ದವಾದಷ್ಟೂ ಅಕ್ಷರ ತಪ್ಪುವ ಸಂಭವ ಇರುವುದರಿಂದ ನಾನು ಹಾಕಿ ಎಂದೇ ಹೇಳುತ್ತೇನೆ. ಪ್ರೊ ಮೈಕ್ರೊದ ಮೈಕ್ರೊ ಯುಎಸ್‌ಬಿ ಕಿಂಡಿ ಬೋರ್ಡಿನಿಂದ ಕಿತ್ತುಬರುವುದು ಮಾಮೂಲಿ. ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಎಳೆತ ಡಬ್ಬಿಯ ಮೇಲೆ ಬೀಳುವಂತೆ ಮಾಡಿ. ಕಂಪ್ಯೂಟರಿಗೆ ಚುಚ್ಚುವ ಮೊದಲು ವಿಸಿಸಿ ಮತ್ತು ಗ್ರೌಂಡ್ ಮಧ್ಯೆ ಬೀಪ್ ಬರುತ್ತಿಲ್ಲ ಎಂದು ಖಾತ್ರಿಮಾಡಿಕೊಳ್ಳಿ. ಫೋನ್ ಚಾರ್ಜ್ ಮಾಡಲಷ್ಟೇ ಬರುವ ಕೇಬಲ್ಲುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಫರ್ಮ್‌ವೇರಿನಲ್ಲಿ ಎರಡು ಒಳ್ಳೆಯ ಆಯ್ಕೆಗಳಿವೆ. ಸೋರರ್ ಕನ್ವರ್ಟರ್ ಎಂಬುದು ಮೂರೂ ಪಟ್ಟಿಗಳನ್ನು ತಾನೇ ಗುರುತು ಹಿಡಿಯುತ್ತದೆ, ಸಿದ್ಧ ಫೈಲನ್ನು ಹಾಕಿದರೆ ಸಾಕು, ಮೊದಲ ಬಾರಿಗೆ ಅದೇ ಸುಲಭ. ಮೂಲ ಕೋಡ್ ತೆರೆದಿರುವುದೇ ಬೇಕು, ಮುಂದೆಯೂ ತಿದ್ದುತ್ತಿರಬೇಕು ಎನ್ನುವವರಿಗೆ ಕ್ಯೂಎಂಕೆ ಇದೆ, ಅದರಲ್ಲಿ ಐಬಿಎಂ ಟರ್ಮಿನಲ್ ಕೀಬೋರ್ಡಿಗೆಂದೇ ಒಂದು ವಿಭಾಗವಿದೆ. ಅದನ್ನು ಬಳಸುವಾಗ ಕ್ಲಾಕ್, ಡೇಟಾ ಪಿನ್ನುಗಳು ಯಾವುವೆಂದು ಅದರ ಸೆಟ್ಟಿಂಗ್ ಫೈಲಿನಲ್ಲಿ ನೋಡಿಯೇ ಬೆಸೆಯಬೇಕು. ಪ್ರೊ ಮೈಕ್ರೊಗೆ ಫೈಲು ಹಾಕಲು ಆರ್‌ಎಸ್‌ಟಿ ಮತ್ತು ಗ್ರೌಂಡ್ ಪಿನ್ನುಗಳನ್ನು ತಂತಿಯ ತುಂಡಿನಿಂದ ಬೇಗಬೇಗನೆ ಎರಡು ಸಲ ಮುಟ್ಟಿಸಬೇಕು. ಆಮೇಲೆ ಸುಮಾರು 8 ಸೆಕೆಂಡು ಮಾತ್ರ ಅದು ಹೊಸ ಫೈಲಿಗಾಗಿ ಕಾಯುತ್ತದೆ, ಆದ್ದರಿಂದ ಕಂಪ್ಯೂಟರಿನ ಕಡೆ ಎಲ್ಲ ಸಿದ್ಧಮಾಡಿಟ್ಟುಕೊಂಡೇ ಮುಟ್ಟಿಸಿ.

ಸುಮ್ಮನಿದ್ದರೆ, ತೊದಲಿದರೆ

122 ಕೀಗಳ ಟರ್ಮಿನಲ್ ಕೀಬೋರ್ಡುಗಳಲ್ಲಿ ಬಹಳಷ್ಟಕ್ಕೆ ಕ್ಯಾಪ್ಸ್ ಲಾಕಿನ ದೀಪಗಳೇ ಇಲ್ಲ, ಆ ಗುರುತೆಲ್ಲ ಟರ್ಮಿನಲ್ ಪರದೆಯ ಮೇಲೆ ಬರುತ್ತಿತ್ತು. ಆದ್ದರಿಂದ ದೀಪ ಮಿನುಗಲಿಲ್ಲ ಎಂದು ನಿರಾಶರಾಗಬೇಡಿ. ‘ಹಿಡ್ ಲಿಸನ್’ ಎಂಬ ಪುಟ್ಟ ಪ್ರೋಗ್ರಾಮನ್ನು ಓಡಿಸಿ, ಆಮೇಲೆ ಕನ್ವರ್ಟರನ್ನು ಚುಚ್ಚಿ. ಕೀಬೋರ್ಡು ತನ್ನ ಸ್ವಯಂ ಪರೀಕ್ಷೆ ಮುಗಿಸಿ ‘ಎಎ’ ಎಂಬ ಕೋಡ್ ಕಳಿಸಿದ್ದು ಕಂಡರೆ ಅರ್ಧ ಗೆದ್ದಂತೆ. ಆಮೇಲೆ ಅದರ ಗುರುತಿನ ಸಂಖ್ಯೆ ಬರುತ್ತದೆ, ಇಂಥ ಕೀಬೋರ್ಡಿಗೆ ಸಾಮಾನ್ಯವಾಗಿ ‘ಬಿಎಫ್ ಬಿಎಫ್’. ಒಂದೊಂದೇ ಕೀ ಒತ್ತುತ್ತ ಹೋದರೆ ಅದರ ಕೋಡು ಕಣ್ಣೆದುರೇ ಮೂಡುತ್ತದೆ.

ಏನೂ ಬರದಿದ್ದರೆ ಕ್ಲಾಕ್, ಡೇಟಾ ತಂತಿಗಳನ್ನು ಅದಲುಬದಲು ಮಾಡಿ. ಆಗಲೂ ಬರದಿದ್ದರೆ ಕೀಬೋರ್ಡಿನ ಬೋರ್ಡಿನ ಮೇಲೆಯೇ 5 ವೋಲ್ಟ್ ತಲುಪುತ್ತಿದೆಯೇ ಎಂದು ಅಳೆಯಿರಿ. ಹಳೆಯ ಕೀಬೋರ್ಡುಗಳು ಹೊಸವಕ್ಕಿಂತ ಹೆಚ್ಚು ವಿದ್ಯುತ್ ಎಳೆಯುತ್ತವೆ, ತನ್ನದೇ ಅಡಾಪ್ಟರ್ ಇಲ್ಲದ ಯುಎಸ್‌ಬಿ ಹಬ್ಬಿನ ಮೂಲಕ ಕೊಟ್ಟಿದ್ದರೆ ನೇರವಾಗಿ ಕಂಪ್ಯೂಟರಿಗೇ ಕೊಟ್ಟು ನೋಡಿ. ಮಾಡೆಲ್ ಎಂನಲ್ಲಿ ಒಂದಿಡೀ ಗುಂಪು ಕೀಗಳು ಸತ್ತಿದ್ದರೆ ಅದು ಸಾಮಾನ್ಯವಾಗಿ ಕನ್ವರ್ಟರಿನ ದೋಷವಲ್ಲ, ಒಳಗಿನ ಪದರದಿಂದ ಬೋರ್ಡಿಗೆ ಬರುವ ತೆಳು ಪಟ್ಟಿ ಸರಿಯಾಗಿ ಕೂತಿಲ್ಲ. ಒಂದೇ ಕೀ ಸದ್ದಿಲ್ಲದೆ ಮೆತ್ತಗೆ ಒತ್ತಿಕೊಳ್ಳುತ್ತಿದ್ದರೆ ಅದರ ಸ್ಪ್ರಿಂಗು ಕ್ಯಾಪಿನ ಬುಡದಲ್ಲಿ ಸರಿಯಾಗಿ ಸೇರಿಲ್ಲ. ಸ್ಪೇಸ್ ಬಾರಿನ ಬದಿ ಮೇಲೆ ಬರುವಂತೆ ಕೀಬೋರ್ಡನ್ನು ನೆಟ್ಟಗೆ ನಿಲ್ಲಿಸಿ ಆ ಕೀ ತೆಗೆದು ಮತ್ತೆ ಒತ್ತಿದರೆ ಸರಿಹೋಗುತ್ತದೆ. ಇಷ್ಟೆಲ್ಲ ಬೇಡ, ಆ ಸ್ಪ್ರಿಂಗಿನ ಅನುಭವ ಸಿಕ್ಕರೆ ಸಾಕು ಎನ್ನುವವರಿಗೆ ಅಮೆರಿಕದ ಕೆಂಟಕಿಯ ಯುನಿಕಾಂಪ್ ಕಂಪನಿ ಅದೇ ವಿನ್ಯಾಸದ ಯುಎಸ್‌ಬಿ ಕೀಬೋರ್ಡುಗಳನ್ನು ತಯಾರಿಸುತ್ತ ಬಂದಿದೆ.

ಕೀಗಳಿಗೆ ಹೊಸ ಕೆಲಸ, ಕನ್ನಡಕ್ಕೂ

ಎಲ್ಲ ಕೀಗಳೂ ಮಾತಾಡಿದ ಮೇಲೆ ನಿಜವಾದ ಸಂತೋಷದ ಕೆಲಸ ಶುರು. ಎಡ ಮೂಲೆಯ ರಿಸೆಟ್ಟನ್ನು ಕಂಟ್ರೋಲ್ ಮಾಡಿ. ಬಲ ಮೂಲೆಯ ಎಂಟರನ್ನು ಬಲ ಕಂಟ್ರೋಲ್ ಮಾಡಬಹುದು, ಎಂಟರಾಗಿಯೇ ಬಿಟ್ಟರೂ ಹೆಬ್ಬೆರಳಿಗೆ ಹತ್ತಿರ. ವಿಂಡೋಸ್ ಕೀ ಇದರಲ್ಲಿಲ್ಲ, ಎಡಗಡೆಯ ಹತ್ತರಲ್ಲಿ ಒಂದಕ್ಕೆ ಆ ಕೆಲಸ ಕೊಡಿ. ಮಿಕ್ಕವಕ್ಕೆ ಕಾಪಿ, ಪೇಸ್ಟ್, ಅನ್‌ಡು, ಸೇವ್. ಎಫ್13ರಿಂದ ಎಫ್24ರವರೆಗಿನ ಕೀಗಳಿಗೆ ಯುಎಸ್‌ಬಿಯ ಪಟ್ಟಿಯಲ್ಲೂ ಸ್ಥಾನವಿದೆ, ಹೀಗಾಗಿ ಅವನ್ನು ಹಾಗೇ ಕಳಿಸಿ ಕಂಪ್ಯೂಟರಿನಲ್ಲಿ ನಿಮಗೆ ಬೇಕಾದ ಶಾರ್ಟ್‌ಕಟ್ಟಿಗೆ ಕಟ್ಟಿಕೊಳ್ಳಬಹುದು.

ಕನ್ನಡ ಬೆರಳಚ್ಚಿಗೆ ಈ ಕೀಬೋರ್ಡು ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಧಾರಾಳವಾಗಿ ಬರುತ್ತದೆ. ಕನ್ವರ್ಟರು ಕಳಿಸುವುದು ಕೀಯ ಜಾಗವನ್ನು, ಆ ಜಾಗಕ್ಕೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಕಂಪ್ಯೂಟರು. ಕೆ.ಪಿ. ರಾವ್ ವಿನ್ಯಾಸದಲ್ಲಿ ನುಡಿ ಬಳಸುವವರಿಗೂ, ಇನ್‌ಸ್ಕ್ರಿಪ್ಟಿನವರಿಗೂ, ಲಿನಕ್ಸಿನಲ್ಲಿ ಕಗಪ ವಿನ್ಯಾಸ ಆರಿಸಿಕೊಂಡವರಿಗೂ ಏನೂ ಬದಲಾಗುವುದಿಲ್ಲ. ಕೈಗೆ ತೊಡಕಾಗುವುದು ಒಂದೇ ಕಡೆ. ಈ ಕೀಬೋರ್ಡಿನ ಎಡ ಶಿಫ್ಟ್ ಗಿಡ್ಡ, ಅದರ ಪಕ್ಕದಲ್ಲಿ ಇನ್ನೊಂದು ಕೀ ಇದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಮಹಾಪ್ರಾಣಕ್ಕೆಲ್ಲ ಶಿಫ್ಟ್ ಬೇಕು, ‘ಕ’ ಕೀಗೆ ಶಿಫ್ಟ್ ಸೇರಿದರೆ ‘ಖ’. ‘ಖಂಡಿತ’ ಎಂದು ಹೊಡೆಯಲು ಹೋದ ಕಿರುಬೆರಳು ಶಿಫ್ಟಿನ ಬದಲು ಆ ಪಕ್ಕದ ಕೀ ಮೇಲೆ ಬೀಳುತ್ತಿರುತ್ತದೆ. ಫರ್ಮ್‌ವೇರಿನಲ್ಲಿ ಆ ಕೀಯನ್ನೂ ಎಡ ಶಿಫ್ಟ್ ಎಂದೇ ಬರೆದುಬಿಡಿ, ಕನ್ನಡದಲ್ಲಿ ಹೆಚ್ಚು ಬರೆಯುವವರಿಗೆ ಇದಕ್ಕಿಂತ ಉಪಯುಕ್ತವಾದ ಬದಲಾವಣೆ ಇನ್ನೊಂದಿಲ್ಲ.

‘ಸಾಫ್ಟ್‌ವೇರ್’ ಎಂಬಂಥ ಪದದಲ್ಲಿ ಒತ್ತು ಕೂಡಿಕೊಳ್ಳದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕಷ್ಟೆ. ನಿಮ್ಮ ತಂತ್ರಾಂಶದಲ್ಲಿ ಅದಕ್ಕೆ ಯಾವ ಕೀಗಳ ಜೋಡಣೆ ಇದೆಯೋ ಅದನ್ನು ಎಡಗಡೆಯ ಒಂದು ಕೀಗೆ ಮ್ಯಾಕ್ರೊ ಮಾಡಿ ಕೊಡಿ. ಅದರ ಪಕ್ಕದ ಕೀಗೆ ವಿಂಡೋಸಿನಲ್ಲಿ ಕನ್ನಡ-ಇಂಗ್ಲಿಷ್ ಬದಲಿಸುವ ವಿಂಡೋಸ್ ಮತ್ತು ಸ್ಪೇಸ್ ಜೋಡಣೆ. ಇವೆಲ್ಲ ಕನ್ವರ್ಟರಿನೊಳಗೇ ಉಳಿಯುವುದರಿಂದ ಕೀಬೋರ್ಡನ್ನು ಬೇರೆ ಕಂಪ್ಯೂಟರಿಗೆ ಚುಚ್ಚಿದರೂ ಜೊತೆಗೇ ಬರುತ್ತವೆ. ಸೆಟ್ಟಿಂಗಿನ ಫೈಲನ್ನು ಇನ್ನೊಂದು ಕಡೆಯೂ ಉಳಿಸಿ, ತಂತಿಗಳ ಬಣ್ಣ ಬರೆದುಕೊಂಡ ಆ ಕಾಗದದ ಒಂದು ಪ್ರತಿಯನ್ನು ಮಡಿಸಿ ಅಡಾಪ್ಟರಿನ ಡಬ್ಬಿಯೊಳಗೇ ಇಡಿ.